ಕುರುಗೋಡಿಗೆ ಹೋದ ಅಕ್ಕನ ಗಂಟು

ಅಪ್ಪ ಯಾವತ್ತೂ ಬೇಡ ಅಂದವನಲ್ಲ. ಬೇಡ ಅಂದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು, ಉಣ್ಣದೆ ಮಲಗಬಹುದಿತ್ತು. ಅವನು 'ನೋಡೂಣ' ಅನ್ನುತ್ತಿದ್ದ. ಅಕ್ಕ ಲಂಡನ್ನಿಗೆ ಹೋಗುವ ಮಾತು ತೆಗೆದ ದಿನದಿಂದ ನಾನು ಡೈರಿಯ ಪುಟದ ಕೆಳಗೆ, ಅಪ್ಪ ಅವತ್ತು ಎಷ್ಟು ಸಲ ಆ ಮಾತು ಅಂದನೋ ಅಷ್ಟು ಗೀಟು ಎಳೆಯತೊಡಗಿದೆ. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಅವನ ದಲಾಲಿ ಅಂಗಡಿಯಲ್ಲಿ ಹತ್ತಿ ಚೀಲ ಎಣಿಸುವುದು ಹಾಗೆಯೇ. ಒಂದು ತಿಂಗಳು ಕಳೆಯುವುದರೊಳಗೆ ಪುಟದ ಅಂಚಿನಲ್ಲಿ ಜಾಗ ಸಾಲದೆ ಹೋಯಿತು.

ಇದಾಗಿ ಎರಡು ವರ್ಷವಾಯಿತು. ಈಗ ನನಗೆ ಇಪ್ಪತ್ತು. ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಕಾದೆ. ಇಳಿಯಲಿಲ್ಲ, ಹಾಗಾಗಿ ಹೀಗೇ ಬರೆಯುತ್ತಿದ್ದೇನೆ.

ಮೊದಲು ಅಣ್ಣನ ಸಂಗತಿ ಹೇಳಬೇಕು. ಸ್ವಾತಂತ್ರ್ಯ ಬಂದ ಮರುವರ್ಷ ಅಣ್ಣನಿಗೆ ಏಡನ್ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅವನು ಹೇಳಿದ್ದು ಬುಧವಾರ, ಹೊರಟದ್ದು ಅದರ ಮುಂದಿನ ವಾರದ ಶುಕ್ರವಾರ. ಶುಕ್ರವಾರ ಪಶ್ಚಿಮ ದಿಕ್ಕಿಗೆ ಶೂಲೆ, ಆ ದಿಕ್ಕಿಗೆ ಪಯಣ ಹೊರಡಬಾರದು ಎಂದು ಪಂಚಾಂಗದಲ್ಲಿ ದಪ್ಪ ಅಕ್ಷರದಲ್ಲಿ ಇದೆ. ಬೊಂಬಾಯಿ ಇರುವುದು ಪಶ್ಚಿಮಕ್ಕೆ. ಅದಕ್ಕೆ ಅಪ್ಪನೇ ಉಪಾಯ ಹೇಳಿದ: "ಒಂದು ಚೂರು ಬೆಲ್ಲ ಬಾಯಾಗ ಹಾಕ್ಕೊಂಡು ಹೊಂಟ್ರ ಶೂಲಿ ಏನೂ ಮಾಡಂಗಿಲ್ಲ." ಅಣ್ಣ ಬೆಲ್ಲ ತಿಂದು ಹೋದ. ಓಣಿಯವರೆಲ್ಲ ಸ್ಟೇಷನ್ನಿನವರೆಗೆ ಬಂದರು. ಅಪ್ಪ ಅವನ ಹಾಸಿಗೆ ಸುರುಳಿಯನ್ನು ಕೂಲಿಗೆ ಕೊಡದೆ ತಾನೇ ಹೊತ್ತ. ಆಮೇಲೆ ಅಂಗಡಿಗೆ ಬಂದ ಪ್ರತಿ ರೈತನಿಗೂ ಸಮುದ್ರ ಎಂದರೆ ಹೇಗಿರುತ್ತದೆ ಎಂದು, ಒಮ್ಮೆಯೂ ಸಮುದ್ರ ಕಾಣದ ಅಪ್ಪ, ವರ್ಷವಿಡೀ ಹೇಳಿದ.

ಅಕ್ಕ ಅಣ್ಣನಿಗಿಂತ ಒಂದೂವರೆ ವರ್ಷ ಚಿಕ್ಕವಳು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಹೆರಿಗೆಯ ಕೆಲಸದಲ್ಲಿ ಅವಳ ಕೈ ಚುರುಕು ಎಂದು ಅಲ್ಲಿಯ ಹಿರಿಯ ಮೇಡಂ ಅವಳ ಹೆಸರನ್ನು ಲಂಡನ್ನಿನ ತರಬೇತಿಗೆ ಕಳಿಸಿದ್ದರು. ಅದು ಒಪ್ಪಿಗೆಯಾಗಿ ಬಂತು. ಹಡಗಿನ ಖರ್ಚು ಅವರದೇ. ಮದ್ರಾಸಿನಿಂದ ಪಾಸ್‌ಪೋರ್ಟೂ ಬಂದಿತ್ತು. ಮನೆಯಿಂದ ಬೇಕಾಗಿದ್ದದ್ದು ಒಂದೇ, ಹೋಗಿ ಬಾ ಎನ್ನುವ ಮಾತು. ಹಡಗು ಜುಲೈ ನಡುವಿನಲ್ಲಿ, ಅಂದರೆ ಆಷಾಢದಲ್ಲಿ.

ಮೇ ತಿಂಗಳ ಒಂದು ಭಾನುವಾರ ಊಟಕ್ಕೆ ಕುಳಿತಾಗ ಹೇಳಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಮಜ್ಜಿಗೆ ಕುಡಿದು ಮುಗಿಸಿದ.

"ಎಷ್ಟು ದಿನ?"

"ಎರಡು ವರ್ಷ ಕಲಿಯೋದು. ಆಮ್ಯಾಲ ಅಲ್ಲೇ ಕೆಲಸ ಕೊಡ್ತಾರಂತ."

"ಅಲ್ಲೇ ಇರಾಕಿ ಏನು?"

"ಇರಬೇಕು ಅಂತ ಐತಪ್ಪ. ಸುಳ್ಳು ಯಾಕ ಹೇಳ್ಲಿ."

"ನೋಡೂಣ," ಎಂದು ಕೈ ತೊಳೆಯಲು ಎದ್ದ. ಮೊದಲ ಗೀಟು.

ಮರುದಿನದಿಂದ ಪಂಚಾಂಗ ಗೂಡಿನಿಂದ ಇಳಿದು ಅಪ್ಪನ ತೊಡೆಯ ಮೇಲೆ ಕುಳಿತುಕೊಂಡಿತು. ಸಂಜೆಯ ಹೊತ್ತು ಜಗುಲಿಯ ಮೇಲೆ ಕನ್ನಡಕ ಏರಿಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಿದ್ದ. ಅವನಿಗೆ ದೊಡ್ಡ ತೊಡಕು ಸಿಕ್ಕಿತ್ತು. ಬಳ್ಳಾರಿಯಿಂದ ಬೊಂಬಾಯಿಗೆ ಹೋಗುವವರು ಮೊದಲು ಗುಂತಕಲ್ಲಿಗೆ ಹೋಗಿ ಅಲ್ಲಿ ದೊಡ್ಡ ರೈಲು ಹತ್ತಬೇಕು. ಗುಂತಕಲ್ಲು ಪೂರ್ವಕ್ಕೆ.

"ಗುಂತಕಲ್ಲು ಅಂದ್ರ ಮೂಡಣ. ಬೊಂಬಾಯಿ ಅಂದ್ರ ಪಡುವಣ. ಎರಡಕ್ಕೂ ಕೂಡಿ ಬರೋ ದಿನ ಸಿಗಲೊಲ್ದವ್ವ. ನಾ ಏನ್ ಮಾಡ್ಲಿ?"

"ಅಣ್ಣ ಹೋಗುವಾಗ ಗುಂತಕಲ್ಲು ಯಾವ ಕಡಿಗೆ ಇತ್ತಪ್ಪ?" ಎಂದೆ ನಾನು.

"ನಿನ್ನನ್ನ ಕೇಳಿದ್ನೇನು?"

"ಬೆಲ್ಲ ತಿಂದು ಹೋಗ್ತಾಳ ಬಿಡು."

"ಹೆಣ್ಣುಮಕ್ಕಳಿಗೆ ಬೆಲ್ಲ ನಡಿಯಂಗಿಲ್ಲ," ಎಂದ. ಅಲ್ಲಿಯವರೆಗೆ ಲೋಕದಲ್ಲಿ ಯಾರೂ ಕೇಳದ ಶಾಸ್ತ್ರ ಅದು. ಆ ಕ್ಷಣದಲ್ಲೇ ಹುಟ್ಟಿತು.

ಏಡನ್ನಿನಿಂದ ಅಣ್ಣನೂ ಬರೆದ. ಹೆಣ್ಣುಮಕ್ಕಳು ಒಂಟಿಯಾಗಿ ಹಡಗು ಹತ್ತುವುದು ಚೆನ್ನಾಗಿ ಕಾಣುವುದಿಲ್ಲ, ನಾಲ್ಕು ಜನ ಏನೆಂದಾರು, ಅಪ್ಪನ ಮಾತು ಕೇಳಬೇಕು. ಅವನು ಹಡಗಿನಲ್ಲಿ ನೋಡಿದ ನಾಲ್ಕು ಜನ ಯಾರೋ ಗೊತ್ತಿಲ್ಲ. ಆ ಕಾಗದವನ್ನು ಅಪ್ಪ ಎರಡು ಸಲ ಗಟ್ಟಿಯಾಗಿ ಓದಿಸಿದ. ಓದಿದವಳು ನಾನು. ಎರಡನೆಯ ಸಲ ಓದುವಾಗ ಸಿಟ್ಟಿನಲ್ಲಿ ಸಾಲು ತಪ್ಪಿತು. ಹೆದರಿಕೆ ಎಂದುಕೊಂಡು ಅವ್ವ ನೀರು ತಂದುಕೊಟ್ಟಳು.

ನನಗೆ ಅಕ್ಕನ ಮೇಲೂ ಸಿಟ್ಟಿತ್ತು. ಆಸ್ಪತ್ರೆಯವರೇ ಟಿಕೀಟು ಕೊಡುತ್ತಾರೆ, ಪೆಟ್ಟಿಗೆ ತೆಗೆದುಕೊಂಡು ನಡಿ ಎಂದರೆ, "ಕದ್ದು ಹೋಗಾಕಿ ಅಲ್ಲ ನಾನು. ಅಣ್ಣ ಯಾವ ಬಾಗಲಿಂದ ಹೋದ್ನೋ ಅದೇ ಬಾಗಲಿಂದ ಹೋಗ್ತೀನಿ. ಅಪ್ಪ ಹೋಗಿ ಬಾ ಅನ್ಬೇಕು" ಎನ್ನುತ್ತಿದ್ದಳು. ದಿನಾ ಸಂಜೆ ಕೆಲಸದಿಂದ ಬಂದು ಸೀರೆ ಬದಲಿಸಿ ಅಪ್ಪನ ಎದುರು ಕೂರುವಳು. "ಏನಾತಪ್ಪ?" ಎನ್ನುವಳು. ಅವನು ನೋಡೂಣ ಎನ್ನುವನು. ಬ್ಯಾಂಡೇಜು ಬಿಚ್ಚಿ ಗಾಯ ನೋಡುವವರ ಹಾಗೆ, ದಿನಕ್ಕೊಂದು ಸಲ, ಒಂದಿಷ್ಟೂ ಬೇಸರವಿಲ್ಲದೆ.

ಜ್ಯೇಷ್ಠ ಮುಗಿಯುತ್ತ ಬಂತು. ಒಂದು ಸಂಜೆ ಆಸ್ಪತ್ರೆಯ ಮೇಡಂ ತಾವೇ ಮನೆಗೆ ಬಂದರು. ಜಗುಲಿಯ ಮೇಲೆ ಕುಳಿತು ಅವ್ವ ಕೊಟ್ಟ ಚಹಾ ಕುಡಿದು, "ಯಾವತ್ತು ಕಳಸ್ತೀರಿ ಯಜಮಾನ್ರೇ?" ಎಂದು ನೇರವಾಗಿ ಕೇಳಿದರು. ಓಣಿಯವರು ನಾಲ್ಕಾರು ಮಂದಿ ನಿಂತು ನೋಡುತ್ತಿದ್ದರು. ಅಪ್ಪನಿಗೆ ನೋಡೂಣ ಎನ್ನಲು ಬಾಯಿ ಬರಲಿಲ್ಲ.

"ಆಷಾಢದಾಗ ಹೊಂಡಾಕ ಬರಂಗಿಲ್ರಿ. ಅದಕ ಜ್ಯೇಷ್ಠದಾಗೇ ಪ್ರಸ್ಥಾನ ಇಡ್ತೀವ್ರಿ," ಎಂದ.

ಪ್ರಸ್ಥಾನವೆಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವುದೇ. ಹೊರಡುವ ದಿನಕ್ಕೆ ಮುಹೂರ್ತ ಇಲ್ಲದಿದ್ದರೆ, ಅದಕ್ಕಿಂತ ಮುಂಚಿನ ಒಂದು ಒಳ್ಳೆಯ ದಿನ, ಹೊರಡುವವರು ಉಟ್ಟ ಬಟ್ಟೆಯೊಂದನ್ನು ಅಕ್ಕಿ, ಅರಿಷಿಣದ ಕೊಂಬು, ಅಡಿಕೆಯ ಜೊತೆ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೊಸ್ತಿಲು ದಾಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಯಾವತ್ತು ಬೇಕಾದರೂ ಹೋಗಿ, ಗಂಟು ಎತ್ತಿಕೊಂಡು, ಹಾಗೇ ಮುಂದೆ ನಡೆದುಬಿಡಬೇಕು. ಎತ್ತಿಕೊಂಡವರು ತಮ್ಮ ಮನೆಗೆ ಮರಳಬಾರದು. ಸಾಮಾನ್ಯವಾಗಿ ಪಕ್ಕದ ಮನೆಯಲ್ಲೋ ಎದುರು ಮನೆಯಲ್ಲೋ ಇಡುತ್ತಾರೆ. ಅಪ್ಪ ಮಾತ್ರ, ಬೊಂಬಾಯಿಯ ದಿಕ್ಕಿನಲ್ಲೇ ಇರಲಿ ಎಂದು ನೆಪ ಹೇಳಿ, ಕುರುಗೋಡಿನಲ್ಲಿದ್ದ ತನ್ನ ಅಕ್ಕನ ಮನೆಗೆ ಕಳಿಸಿದ. ಆ ಸೋದರತ್ತೆ ಗಂಡ ಸತ್ತ ಮೇಲೂ ಒಬ್ಬಳೇ ಒಕ್ಕಲುತನ ಮಾಡಿಕೊಂಡಿದ್ದವಳು.

ಅಕ್ಕ ತನ್ನ ಒಂದು ನೀಲಿ ರವಿಕೆ ಕೊಟ್ಟಳು. ಅವ್ವ ಗಂಟು ಕಟ್ಟಿದಳು. ಅಪ್ಪ ಮೋಟಾರು ಬಸ್ಸಿನಲ್ಲಿ ಹೋಗಿ ಇಟ್ಟು ಬಂದ. ಆ ದಿನದ ಪುಟದಲ್ಲಿ 'ಅಪ್ಪ ಒಪ್ಪಿದ' ಎಂದು ಬರೆದಿದ್ದೇನೆ. ಈಗ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಎರಡು ದಿನದ ಮೇಲೆ ಅಂಗಡಿಗೆ ಬುತ್ತಿ ಕೊಡಲು ಹೋಗಿದ್ದೆ. ಹತ್ತಿ ಚೀಲಗಳ ಆಚೆ ಅಪ್ಪ ತನ್ನ ಪಾಲುದಾರನ ಜೊತೆ ಮಾತಾಡುತ್ತಿದ್ದ.

"ಕಳಸ್ತೀ ಏನಪಾ ಹಂಗಾರ ಮಗಳನ್ನ?"

"ಎಲ್ಲಿ ಕಳಸ್ಲೋ ಮಾರಾಯ. ಮೇಡಮ್ಮನ ಬಾಯಿ ಮುಚ್ಚಸಾಕ ಒಂದು ಗಂಟು ಕಟ್ಟೀನಿ. ನಾಳಿಗೆ ಹುಡುಗೀನ ಸಿರುಗುಪ್ಪಕ್ಕ ಅಜ್ಜಿ ಮನಿಗೆ ಕಳಸ್ತೀನಿ. ಅಲ್ಲಿ ಅವರ ಮಾವ ಒಂದು ವರ ನೋಡ್ಯಾನ. ಅಷ್ಟರಾಗ ಹಡಗು ಹೊಕ್ಕೈತಿ. ಗಂಟು ಎಲ್ಲಿ ಹೊಕ್ಕೈತಿ, ಶ್ರಾವಣದಾಗ ಹೋಗಿ ತಂದ್ರಾತು."

ಇಬ್ಬರೂ ನಕ್ಕರು. ಬುತ್ತಿಯನ್ನು ಚೀಲದ ಮೇಲೆ ಕುಕ್ಕಿ ಬಂದೆ.

ಅಕ್ಕನಿಗೆ ಹೇಳಿದೆ. ಅವಳು ಪೆಟ್ಟಿಗೆಯಲ್ಲಿ ಸೀರೆ ಮಡಚಿ ಇಡುತ್ತಿದ್ದಳು. "ಗೊತ್ತೈತಿ," ಎಂದಳು.

"ಗೊತ್ತಿದ್ದೂ ಸಿರುಗುಪ್ಪಕ್ಕ ಹೊಕ್ಕೀ ಏನು?"

"ಅಜ್ಜೀನ ನೋಡ್ಬೇಕಲ್ಲ. ಮತ್ತ ಯಾವಾಗ ಸಿಗ್ತಾಳೋ. ನೀನೂ ಬಾ."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಅಕ್ಕನ ಕೈಯಲ್ಲಿ ಒಂದು ಕೈಚೀಲ, ಎರಡು ಸೀರೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ಅಜ್ಜಿಗೆ ಮೊಣಕಾಲಿನ ಎಣ್ಣಿ ಕೊಡೋದು ಮರೀಬ್ಯಾಡ್ರಿ" ಎಂದು ಮತ್ತೆ ಒಳಗೆ ಹೋದಳು. ಅಷ್ಟೇ. ಅಕ್ಕ ಆ ಮನೆಯಿಂದ ಹೊರಟದ್ದು ಹಾಗೆ. ಅವಳಿಗೂ ಅವ್ವನಿಗೂ ನನಗೂ ಅದು ಆಗ ಗೊತ್ತಿರಲಿಲ್ಲ.

ಸಿರುಗುಪ್ಪದಲ್ಲಿ ನಾಟಿಗೆ ಗದ್ದೆ ಹಸನು ಮಾಡುತ್ತಿದ್ದರು. ಸೋದರಮಾವನ ಕಾಲು ಮೊಣಕಾಲಿನವರೆಗೂ ಕೆಸರು. ಅವನು ಒಳ್ಳೆಯವನೇ. ಆದರೆ ಅಪ್ಪ ಹೇಳಿಕೊಟ್ಟ ಪಾಠ ಒಪ್ಪಿಸದೆ ಬಿಡುವವನಲ್ಲ.

"ಅಲ್ಲವ್ವ, ಬಸುರಿ ಬಾಣಂತ್ಯಾರು ಇಲ್ಲಿ ಇಲ್ಲೇನು? ಬಿಳೀ ಹೆಂಗಸ್ರ ಹೆರಿಗಿ ಮಾಡಾಕ ಅಷ್ಟು ದೂರ ಹೋಗ್ಬೇಕೇನು?"

"ಹೆರೋದು ಎಲ್ಲಾರೂ ಒಂದೇ ರೀತಿ ಮಾವ. ಕಲಿಸೋರು ಅಲ್ಲಿ ಅದಾರ."

"ಹುಡುಗ ರೈಸ್ ಮಿಲ್ಲಿನಾಗ ಮ್ಯಾನೇಜರ್ ಅದಾನ. ನಾಳೆ ಬರ್ತಾನ. ಒಂದು ಸಲ ಮಾರಿ ನೋಡು."

"ನೋಡೂಣ," ಎಂದಳು ಅಕ್ಕ, ಥೇಟು ಅಪ್ಪನ ದನಿಯಲ್ಲಿ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನಿಗೆ ಅರ್ಥವಾಗಲಿಲ್ಲ.

ಹುಡುಗ ಬಂದ. ಅಕ್ಕ ಅವನಿಗೆ ತಾನೇ ಚಹಾ ಕೊಟ್ಟು, ಎದುರು ಕುಳಿತು, ತಾನು ಲಂಡನ್ನಿಗೆ ಹೊರಟಿರುವುದಾಗಿಯೂ ಗಂಟು ಆಗಲೇ ಕುರುಗೋಡಿನಲ್ಲಿ ಇರುವುದಾಗಿಯೂ ಹೇಳಿದಳು. ಹುಡುಗ ಮಾವನ ಮುಖ ನೋಡಿದ. "ಪ್ರಸ್ಥಾನ ಇಟ್ಟಾಕೀನ ತೋರಿಸ್ತೀರೇನ್ರಿ?" ಎಂದು ಎದ್ದು ಹೋದ. ಮಾವನಿಗೆ ಅಂಥ ಅವಮಾನ ಮೊದಲೆಂದೂ ಆಗಿರಲಿಲ್ಲ. ಅವನಿಗೆ ಗಂಟಿನ ವಿಷಯವನ್ನು ಅಪ್ಪ ಹೇಳಿಯೇ ಇರಲಿಲ್ಲ. ಆ ಸಂಜೆ ಅಕ್ಕ, ಸೋಮವಾರ ಕುರುಗೋಡಿಗೆ ಹೋಗಿ ಗಂಟು ಎತ್ತಿಕೊಳ್ಳುತ್ತೇನೆ ಎಂದಳು. ಮಾವ ತಡೆಯಲಿಲ್ಲ. ಆದರೆ ಬಳ್ಳಾರಿಗೆ ಹೊರಟ ಯಾರದೋ ಕೈಯಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿಸಿದ.

ಸೋಮವಾರ ಮಧ್ಯಾಹ್ನ ನಾವು ಮಾವನ ಬಂಡಿಯಿಂದ ಕುರುಗೋಡಿನಲ್ಲಿ ಇಳಿದಾಗ ಅತ್ತೆಯ ಮನೆಯ ಕಟ್ಟೆಯ ಮೇಲೆ ಅಪ್ಪ ಕುಳಿತಿದ್ದ. ಬೆಳಗಿನ ಮೋಟಾರಿಗೇ ಬಂದಿದ್ದನಂತೆ. ತಲೆಯ ಮೇಲಿನ ರುಮಾಲು ತೊಡೆಯ ಮೇಲಿತ್ತು. ಅತ್ತೆ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅಂದರೆ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ನೋಡವ್ವ ನಿಮ್ಮಪ್ಪನ," ಎಂದು ಅಕ್ಕನಿಗೆ ಹೇಳಿದಳು. "ಮುಂಜಾನಿಂದ ಗಂಟು ಕೊಡು ಅಂತ ಜೀವ ತಿಂದಾನ."

"ಅಕ್ಕಾ, ಸುಮ್ಕ ಕೊಡು. ನಾ ಇಟ್ಟದ್ದು, ನಾ ಒಯ್ತೀನಿ," ಎಂದ ಅಪ್ಪ.

"ಲೇ ತಮ್ಮಾ, ನೀ ಇಟ್ಟದ್ದು ಹೌದು. ಹೊಂಟಾಕಿ ನೀನೇನು? ರವಿಕಿ ನಿಂದೇನು? ತೊಟ್ಟು ತೋರಿಸು, ಕೊಡ್ತೀನಿ."

ಎದುರು ಮನೆಯ ಹೆಂಗಸರು ಕಿಸಕ್ಕನೆ ನಕ್ಕರು. ಅಪ್ಪ ರುಮಾಲು ಕೊಡವಿ ಮತ್ತೆ ತೊಡೆಯ ಮೇಲೆ ಹಾಕಿಕೊಂಡ.

"ಆಷಾಢ ಐತಿ. ಮನಿಗೆ ತಗೊಂಡ್ ಹೋಗಿ, ಶ್ರಾವಣದಾಗ ಹೊಸಾ ಗಂಟು ಕಟ್ಟೂಣ ಅಂತೀನಿ. ಅದರಾಗ ಏನು ತಪ್ಪೈತಿ?"

ಅತ್ತೆ ಮೊರ ಕೆಳಗಿಟ್ಟಳು. ಅವಳ ದನಿ ಬದಲಾಯಿತು.

"ಹೊಂಟ ಗಂಟು ಮನಿಗೆ ತಿರುಗಿ ಬರೋದು ಯಾವಾಗ ಗೊತ್ತೈತಿಲ್ಲ ನಿನಗ? ಹೊಂಟವರು ದಾರ್ಯಾಗ ಸತ್ರ ಬರ್ತೈತಿ. ಅವಾಗ ತಂದು ಅಂಗಳದಾಗ ಬಿಚ್ತಾರ. ನಮ್ಮಪ್ಪ ಹೇಳಿದ್ದು ಇದು, ನೀನೂ ಕೇಳೀದಿ. ಇವತ್ತು ಗಂಟು ಒಯ್ದು ನಿನ್ನ ಮನಿ ಅಂಗಳದಾಗ ಬಿಚ್ಚು ಹೋಗು. ಮಗಳು ಎದುರಿಗೇ ನಿಂತಾಳ, ಆಕೀನ ಮಾರಿ ನೋಡಿ ಹೇಳು, ಬಿಚ್ತೀನಿ ಅಂತ."

ಅಪ್ಪ ಅಕ್ಕನ ಮುಖ ನೋಡಲಿಲ್ಲ. ಪಂಚಾಂಗದ ಪ್ರತಿ ಗೆರೆಯನ್ನೂ ತನಗೆ ಬೇಕಾದ ಹಾಗೆ ಬಗ್ಗಿಸಿದವನು ಈ ಒಂದನ್ನು ಬಗ್ಗಿಸಲಾರದೆ ಹೋದ. ಗಂಟು ಕಟ್ಟುವಾಗ ಅದೊಂದು ಹೆಣ್ಣುಮಕ್ಕಳನ್ನು ಸುಮ್ಮನಾಗಿಸುವ ಉಪಾಯ ಎಂದುಕೊಂಡಿದ್ದ. ತಾನೂ ಅದನ್ನು ನಂಬುವವನೇ ಎಂಬುದು ಮರೆತಿತ್ತು.

"ಎತ್ತಿಕೋ ಹೋಗವ್ವ," ಎಂದ ಕಡೆಗೆ, ನೆಲ ನೋಡುತ್ತ.

"ಹೋಗಿ ಬಾ ಅನ್ನಪ್ಪ," ಎಂದಳು ಅಕ್ಕ. ಅಲ್ಲೇ ನಿಂತಿದ್ದಳು. ಕೈಚೀಲ ಹೆಗಲಿನಲ್ಲಿ, ಬಂಡಿಯ ಧೂಳು ಮುಖದ ಮೇಲೆ.

ಅವನು ರುಮಾಲನ್ನು ತಲೆಗೆ ಸುತ್ತಿಕೊಂಡ. "ಹೋಗಿ ಬಾ," ಎಂದ.

ಅತ್ತೆ ಮೊರ ಸರಿಸಿ ದಾರಿ ಬಿಟ್ಟಳು. ಅಕ್ಕ ಒಳಗೆ ಹೋಗಿ, ದೇವರ ಗೂಡಿನಲ್ಲಿದ್ದ ಗಂಟು ಎತ್ತಿಕೊಂಡು ಬಂದಳು.

ಇಲ್ಲಿಗೆ ನನ್ನ ಸಿಟ್ಟು ಮುಗಿಯಬೇಕಿತ್ತು. ಆದರೆ ಗಂಟು ಎತ್ತಿದ ಮೇಲೆ ಅಕ್ಕ, "ನಾಳೆ ಮನಿಗೆ ಹೋಗಿ ಅವ್ವನ್ನ ನೋಡಿ, ಪೆಟಿಗಿ ತಗೊಂಡು, ಬುಧವಾರದ ರೈಲಿಗೆ ಹೋಗ್ತೀನಿ" ಎಂದಳು. ಅಪ್ಪನೂ ಅತ್ತೆಯೂ ಒಟ್ಟಿಗೇ ತಲೆ ಎತ್ತಿದರು. ಆ ದಿನ ಅವರಿಬ್ಬರೂ ಕೂಡಿ ಆಡಿದ ಮಾತು ಇದೊಂದೇ: ಎತ್ತಿದ ಗಂಟು ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ.

"ಹೆರಿಗಿ ಮಾಡ್ಸಾಕಿ ನಾನು. ಇದನ್ನೆಲ್ಲ ನಂಬಂಗಿಲ್ಲ," ಎಂದಳು ಅಕ್ಕ.

"ನೀ ನಂಬಬ್ಯಾಡ. ನಾ ನಂಬೀನಲ್ಲ," ಎಂದ ಅಪ್ಪ. ಅವನ ಕಣ್ಣು ತುಂಬಿತ್ತು. ನನಗೆ ಕನಿಕರ ಬರಲಿಲ್ಲ. ಗಂಟನ್ನು ಎದುರು ಮನೆಯಲ್ಲಿ ಇಟ್ಟಿದ್ದರೆ, ಸಿರುಗುಪ್ಪದ ನಾಟಕ ಆಡದಿದ್ದರೆ, ಅಕ್ಕ ಕಡೆಯ ದಿನದವರೆಗೂ ನಮ್ಮ ಮನೆಯಲ್ಲೇ ಉಂಡು, ಮಲಗಿ, ನಡುಬಾಗಿಲಿನಿಂದ ಹೊರಡುತ್ತಿದ್ದಳು. ಅವಳು ಇಡೀ ಎರಡು ತಿಂಗಳು ಕೇಳಿದ್ದು ಅದೇ ಬಾಗಿಲನ್ನು. ಅದನ್ನೇ ಕಸಿದುಕೊಂಡ.

ಮರುದಿನ ಬಳ್ಳಾರಿಗೆ ಬಂದಾಗ ಅಕ್ಕ ಆಸ್ಪತ್ರೆಯ ಹುಡುಗಿಯರ ಕೋಣೆಯಲ್ಲಿ ಉಳಿದಳು. ಬುಧವಾರ ಜಟಕಾ ನಮ್ಮ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಸ್ಟೇಷನ್ನಿಗೆ ಹೋಯಿತು. ಅವ್ವ ಪೆಟ್ಟಿಗೆಯನ್ನೂ ಬುತ್ತಿಯನ್ನೂ ತೆಗೆದುಕೊಂಡು ನೇರ ಅಲ್ಲಿಗೇ ಬಂದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಅಕ್ಕನಿಗೆ ಒಂದು ತುತ್ತು ತಿನ್ನಿಸಿದಳು. ಅಕ್ಕ ಅಗಿಯುತ್ತಲೇ ಅತ್ತಳು. ಆಸ್ಪತ್ರೆಯ ಮೂರು ಹುಡುಗಿಯರು ಬಂದಿದ್ದರು. ಓಣಿಯವರು ಯಾರೂ ಇಲ್ಲ.

ರೈಲು ನಿಂತಾಗ ಅಪ್ಪ ಪೆಟ್ಟಿಗೆ ಹೊತ್ತು ಡಬ್ಬಿಯ ಒಳಗಿಟ್ಟ. ಆಗ ಟಿಕೀಟು ನೋಡುವವನು ಬಂದು, "ಎಲ್ಲಿಗೆ ಹೋಗ್ತಾರ್ರಿ?" ಎಂದ.

"ನಮ್ಮ ಹುಡುಗಿ. ಲಂಡನ್ನಿಗೆ ಹೊಂಟಾಳ್ರಿ," ಎಂದ ಅಪ್ಪ. ಎದೆ ಮುಂದಾಗಿತ್ತು. "ಸಣ್ಣಾಕಿದ್ದಾಗಿಂದ ಓದಾಕ ಬಾಳ ಶಾಣ್ಯಾ. ನಾವೂ ಕಳಿಸಿಬಿಟ್ವಿ."

ಕಳಿಸಿಬಿಟ್ವಿ! ಆ ರೈಲು ಇನ್ನೂ ಅಲುಗಿರಲಿಲ್ಲ. ಬಾಯಿ ತೆರೆದೆ. ಕಿಟಕಿಯಿಂದ ಅಕ್ಕ ನನ್ನ ಕೈ ಹಿಡಿದು ಬಲವಾಗಿ ಅದುಮಿದಳು, ಬೇಡ ಎನ್ನುವ ಹಾಗೆ. ರೈಲು ಹೊರಟಿತು, ಗುಂತಕಲ್ಲಿನ ಕಡೆಗೆ, ಪೂರ್ವಕ್ಕೆ.

ಅಪ್ಪ ರುಮಾಲು ಸರಿಮಾಡಿಕೊಂಡು, "ನಡೀರಿ ಮನಿಗೆ," ಎಂದ.

ಅವ್ವ ಬೆಂಚಿನಿಂದ ಏಳಲಿಲ್ಲ. ಬುತ್ತಿಯ ಬಟ್ಟೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ತಿಂಗಳಲ್ಲಿ ಅವಳು ಈ ವಿಷಯದಲ್ಲಿ ಅಪ್ಪನಿಗೆ ಎದುರಾಡಿದ್ದು ನಾನು ಡೈರಿಯಲ್ಲಿ ಎಲ್ಲೂ ಬರೆದಿಲ್ಲ, ಅವಳು ಎದುರಾಡಿರಲೇ ಇಲ್ಲ.

"ಏಳು. ಊಟದ ಹೊತ್ತಾತು. ಹೋಗೂಣೇನು?"

"ನೋಡೂಣ," ಎಂದಳು ಅವ್ವ, ಹಳಿಯ ಕಡೆ ನೋಡುತ್ತ.

ಅಪ್ಪ ನನ್ನ ಮುಖ ನೋಡಿದ, ಏನಾದರೂ ಹೇಳು ಎನ್ನುವಂತೆ. ನಾನು ಅವ್ವನ ಪಕ್ಕದಲ್ಲಿ ಕುಳಿತೆ. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಜಟಕಾದವನಿಗೆ ಕಾಯಲು ಹೇಳಿ ಬಂದು ಮತ್ತೆ ನಿಂತ. ಗೂಡ್ಸ್ ಗಾಡಿಯೊಂದು ಬಂದು ನೀರು ತುಂಬಿಸಿಕೊಂಡು ಹೋಯಿತು. ಬಿಸಿಲು ಬೆಂಚಿನವರೆಗೂ ಬಂತು. ಅವ್ವ ಏಳಲಿಲ್ಲ, ಅಪ್ಪ ಮತ್ತೆ ಕೇಳಲಿಲ್ಲ.